ಖುಷಿಯಿಂದ ಅಂತ ಬರಕೋಬ್ಯಾಡ್ರಿ

ನನ್ನ ವೈನಿಯ ಶಿವಗಣಾರಾಧನೆಯ ದಿನ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಮೊದಲು ನಾಲ್ಕು ಮಾತು ಆಡಲೆಂದು ಬಂಧುಗಳಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದರು. "ನಗುನಗುತ್ತಾ ಗಂಡನ ಕಿಡ್ನಿಯನ್ನು ನಾದಿನಿಗೆ ಕೊಡಿಸಿದ ಮಹಾತಾಯಿ" ಎಂದು ಅವರು ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಆ ನಾದಿನಿ ನಾನೇ. ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ವೈನಿ ಇದ್ದಿದ್ದರೆ ಅಡುಗೆಮನೆಯಿಂದಲೇ "ಯಾರ್ರಿ ಅದು ನಕ್ಕಾಕಿ?" ಎಂದು ಕೂಗುತ್ತಿದ್ದರು ಅನ್ನಿಸಿತು. ಅಂಥ ಹೊತ್ತಿನಲ್ಲಿ ನಗು ಬಂದುಬಿಟ್ಟೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ.

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ. ಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ನಿಜ. ಅದಕ್ಕಾಗಿ ಸುಳ್ಳು ಹೇಳಬೇಕೆಂದೇನಿಲ್ಲ. ನನ್ನ ವೈನಿ ನಗಲಿಲ್ಲ. ಅವರು ಹೇಗಿದ್ದರೋ ಹಾಗೆ ಬರೆಯುವಷ್ಟು ಶಕ್ತಿಯನ್ನು ದೇವರು ಇವತ್ತು ಕೊಟ್ಟಿದ್ದಾನೆ. ಗುಳಿಗೆ ನುಂಗಿದ ಮೇಲೆ ನನ್ನ ಕೈ ಸ್ವಲ್ಪ ಹೊತ್ತು ನಡುಗುತ್ತದೆ. ನಡುಕ ನಿಂತಿರುವಾಗ ಆದಷ್ಟು ಬರೆಯುತ್ತೇನೆ.

ವೈನಿ ಎತ್ತರದ ಹೆಂಗಸು. ದನಿ ಅದಕ್ಕಿಂತ ಎತ್ತರ. ಹಣೆಗೆ ವಿಭೂತಿ, ಅದರ ಕೆಳಗೆ ಅಗಲವಾದ ಕುಂಕುಮ, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದು, ಈಗಷ್ಟೇ ಯಾರ ಜತೆಗೋ ಜಗಳ ಮುಗಿಸಿ ಬಂದವರಂತೆ. ಕಹಿ ಮಾತು ಹೇಳುವ ಮೊದಲು "ಖರೇ ಹೇಳ್ಲೇನು?" ಎಂದು ಕೇಳುತ್ತಿದ್ದರು. ಬೇಡ ಅನ್ನಲು ಯಾರಿಗೂ ಪುರಸೊತ್ತು ಸಿಗುತ್ತಿರಲಿಲ್ಲ, ಪ್ರಶ್ನೆಯ ಬೆನ್ನಿಗೇ ಖರೇ ಬಂದುಬಿಡುತ್ತಿತ್ತು. ನನ್ನ ಮದುವೆಯಲ್ಲಿ ಬೀಗರ ಎದುರಿಗೇ, "ಖರೇ ಹೇಳ್ಲೇನು? ನಮ್ಮ ಹುಡುಗಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ. ಈಗ ಹೇಳೇನಿ, ನಾಳೆ ನಮ್ಮನ್ನ ಅನಬ್ಯಾಡ್ರಿ" ಎಂದಿದ್ದರು. ನನ್ನ ಅತ್ತೆ ಅದನ್ನು ಸಾಯುವವರೆಗೂ ಮರೆಯಲಿಲ್ಲ. ಆದರೆ ರೊಟ್ಟಿ ಹರಿದಾಗ ನನ್ನನ್ನು ಬೈಯಲೂ ಇಲ್ಲ, "ಮೊದಲ ಹೇಳಿದ್ರು ಬಿಡು" ಅನ್ನುತ್ತಿದ್ದರು.

ನಾಗರಪಂಚಮಿಗೆ ಅಣ್ಣ ಧಾರವಾಡಕ್ಕೆ ಬಂದು ನನ್ನನ್ನು ಕರೆದೊಯ್ಯುತ್ತಿದ್ದ. ತವರಿನಿಂದ ಹೊರಡುವಾಗ ಸೀರೆ ಕೊಡುವುದು ವೈನಿಯ ಕೆಲಸ. ಬೇರೆ ಮನೆಯ ವೈನಿಯರು "ನಿನಗ ಅಂತನ ಆರಿಸಿ ತಂದೇನವಾ" ಅನ್ನುತ್ತಾರೆ. ನಮ್ಮ ವೈನಿ, "ಈ ಬಣ್ಣ ನನಗ ಸೇರಲಿಲ್ಲ, ಅದಕ್ಕ ನಿನಗ ಕೊಟ್ಟೇನಿ" ಅನ್ನುತ್ತಿದ್ದರು. ಮೊದಮೊದಲು ಬಸ್ಸಿನಲ್ಲಿ ಕೂತು ಅಳುತ್ತಿದ್ದೆ. ಬರಬರುತ್ತಾ ಅರ್ಥವಾಯಿತು, ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಬಣ್ಣ ನಿಜವಾಗಿಯೂ ಅವರಿಗೆ ಸೇರಿರಲಿಲ್ಲ. ಸೀರೆ ಹೊಸದು, ಗಟ್ಟಿ ನೂಲಿನದು, ವರ್ಷಗಟ್ಟಲೆ ಬಾಳುತ್ತಿತ್ತು. ಅವರು ಕೊಟ್ಟದ್ದೆಲ್ಲ ಹೀಗೆಯೇ.

ನನ್ನ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಬೆಳಿಗ್ಗೆ ಏಳುವಾಗ ಮುಖ ಊದಿಕೊಂಡಿರುತ್ತಿತ್ತು. ನಿದ್ದೆ ಹೆಚ್ಚಾಯಿತು ಅಂದುಕೊಂಡಿದ್ದೆ. ಆಮೇಲೆ ವಾರಕ್ಕೆರಡು ಸಲ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವುದು ಶುರುವಾಯಿತು. ರಕ್ತವನ್ನೆಲ್ಲ ಹೊರಗೆ ಎಳೆದು, ತೊಳೆದು, ಮತ್ತೆ ಒಳಗೆ ಬಿಡುವ ಯಂತ್ರ. ಮುಗಿದಾಗ ಕಾಲಲ್ಲಿ ಜೀವ ಇರುತ್ತಿರಲಿಲ್ಲ. ತಕ್ಷಣ ಬಸ್ಸು ಹತ್ತಲಾಗದೆ ಬೆಂಗೇರಿಗೆ ಹೋಗಿ ವೈನಿಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ.

"ಬಂತು ನೋಡು, ಹಿಂಡಿದ ಅರಿಬಿ" ಅನ್ನುತ್ತಿದ್ದರು ವೈನಿ.

ಹಿಂಡಿದ ಬಟ್ಟೆ ಅನ್ನುವುದಕ್ಕಿಂತ ಸರಿಯಾದ ಮಾತನ್ನು ಯಾವ ಡಾಕ್ಟರೂ ಹೇಳಲಿಲ್ಲ. ಆಗ ನನಗೆ ನೀರಿನದೇ ದೊಡ್ಡ ಕಷ್ಟ. ದಿನಕ್ಕೆ ಇಷ್ಟೇ ಎಂದು ಅಳೆದು ಕುಡಿಯಬೇಕು. ಬೇಸಿಗೆಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ವೈನಿ ನನ್ನನ್ನು ಮೂದಲಿಸದ ದಿನವಿಲ್ಲ, ಆದರೆ ಆ ವರ್ಷಗಳಲ್ಲಿ ಒಮ್ಮೆಯೂ ನನ್ನೆದುರು ನೀರು ಕುಡಿಯಲಿಲ್ಲ. ಹಿತ್ತಲಿಗೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದರು. ನಾನು ಕಿಟಕಿಯಿಂದ ನೋಡಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಯಾವುದಕ್ಕೆಲ್ಲ ದೇವರಿಗೆ ಕೈಮುಗಿಯಬೇಕೆಂದು ನಾನು ಆಗ ಎಣಿಸಿಕೊಳ್ಳುತ್ತಿದ್ದೆ. ದೊಡ್ಡದೇನೂ ಸಿಗದ ದಿನಗಳಲ್ಲಿ ಇದನ್ನು ಎಣಿಸುತ್ತಿದ್ದೆ.

ಯಂತ್ರದ ಮೇಲೆ ಹೀಗೇ ಬಹಳ ದಿನ ನಡೆಯುವುದಿಲ್ಲ, ಯಾರದಾದರೂ ಕಿಡ್ನಿ ಬೇಕು ಎಂದರು ಡಾಕ್ಟರು. ಅಪ್ಪ, ಅವ್ವ ಇಲ್ಲ. ನಮ್ಮ ಮನೆಯವರ ರಕ್ತದ ಗುಂಪು ಹೊಂದಲಿಲ್ಲ. ಮಗಳು ಶಾಲೆಗೆ ಹೋಗುವವಳು. ಸತ್ತವರ ಕಿಡ್ನಿ ಸಿಗುವ ಏರ್ಪಾಡು ಆಗ ನಮ್ಮ ಕಡೆ ಇರಲಿಲ್ಲ. ಉಳಿದವನು ಅಣ್ಣ ಒಬ್ಬ. ಅಣ್ಣ ತಾರಿಹಾಳದ ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕೆಲಸ ಮಾಡುವವನು. ದಿನವಿಡೀ ಕಬ್ಬಿಣದ ಸದ್ದು ಕೇಳಿ ಕೇಳಿ ಮಾತೇ ಮರೆತವನು. "ನಂದು ಕೊಡ್ತೇನಿ" ಎಂದ, ಅಷ್ಟೇ. ಪರೀಕ್ಷೆಗಳಾದವು. ಎಲ್ಲ ಹೊಂದಿತು. ಆದರೆ ಅವನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇತ್ತು.

ಆ ಹೆಸರು ನನಗೆ ಹೊಸದಲ್ಲ. ಡಯಾಲಿಸಿಸ್ ಕೋಣೆಯ ಮೂಲೆಯಲ್ಲಿ ಪರದೆಯ ಹಿಂದೆ ಒಂದು ಬೇರೆ ಯಂತ್ರವಿತ್ತು. ಆ ವೈರಸ್ ಇರುವ ರೋಗಿಗಳಿಗೆ ಮಾತ್ರ ಅದು. ಪರದೆ ಸರಿದಾಗಲೆಲ್ಲ ನಾವು ಉಳಿದವರು ಕಣ್ಣು ತಪ್ಪಿಸುತ್ತಿದ್ದೆವು.

ನಾನು, ನಮ್ಮ ಮನೆಯವರು, ಅಣ್ಣ, ವೈನಿ, ನಾಲ್ವರೂ ಡಾಕ್ಟರ ಮುಂದೆ ಕೂತಿದ್ದೆವು. ಡಾಕ್ಟರು ನಮ್ಮ ಕಡೆಯವರೇ, ತಿಳಿಯುವ ಹಾಗೆ ಹೇಳುವವರು.

"ಅಣ್ಣಾರಿಗೆ ಇದರಿಂದ ಈಗ ಏನೂ ತ್ರಾಸ ಇಲ್ಲ. ಲಿವರ್ ಛಲೋ ಐತಿ, ವೈರಸ್ ಸುಮ್ಮನ ಮಲಗೇತಿ. ಆದ್ರ ಕಿಡ್ನಿ ಜೋಡಿ ತಂಗ್ಯಾರ ಮೈಯಾಗ ಹೋತಂದ್ರ ಅದು ಸುಮ್ಮನ ಇರೂದಿಲ್ಲ. ಹೊಸ ಕಿಡ್ನಿನ ಮೈ ಹೊರಗ ನೂಕಬಾರದಂತ ನಾವ ಗುಳಿಗಿ ಕೊಟ್ಟು ಇವರ ಮೈಯ ಜೋರು ತಗ್ಗಿಸ್ತೀವಿ. ಆವಾಗ ಅದು ಎದ್ದು ಲಿವರ್‌ಗೆ ಬಾಯಿ ಹಾಕತೈತಿ. ಕಿಡ್ನಿ ಉಳಿದು ಮನಶ್ಯಾ ಹೋದ್ರ ಏನು ಬಂತು?"

ಇಂಥ ದಾನಿಯನ್ನು ಬಹಳ ಕಡೆ ಬೇಡವೆಂದೇ ಕಳಿಸಿಬಿಡುತ್ತಾರಂತೆ. ಆದರೆ ಬೆಂಗಳೂರಿನ ತಮ್ಮ ಗುರುಗಳನ್ನು ಕೇಳಿ ಒಂದು ದಾರಿ ಹೇಳಿದರು. ಮೊದಲು ನನಗೆ ಲಸಿಕೆ. ಆ ವೈರಸ್ಸಿನ ವಿರುದ್ಧ ನನ್ನ ರಕ್ತದಲ್ಲಿ ಶಕ್ತಿ ಹುಟ್ಟಿತೋ ಇಲ್ಲವೋ ಎಂದು ಅಳೆದು ನೋಡುವುದು. ಸಾಕಷ್ಟು ಹುಟ್ಟಿದ್ದರೆ ಮಾತ್ರ ಆಪರೇಶನ್. ಆಪರೇಶನ್ ಹೊತ್ತಿಗೆ ಇನ್ನೊಂದು ಬಗೆಯ ಸೂಜಿ, ಆಮೇಲೆ ವೈರಸ್ಸನ್ನು ತಡೆಯುವ ಗುಳಿಗೆ, ಮತ್ತೆ ಮತ್ತೆ ರಕ್ತಪರೀಕ್ಷೆ. ಡಯಾಲಿಸಿಸ್ ಮೇಲಿರುವವರಿಗೆ ಲಸಿಕೆ ಹತ್ತುವುದು ಕಷ್ಟ, ತಿಂಗಳುಗಟ್ಟಲೆ ಕಾಯಬೇಕು ಎಂದರು.

ವೈನಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಇವರಿಗೆ ಎಲ್ಲಿಂದ ಬಂತ್ರಿ ಅದು?" ಎಂದರು.

"ಹೇಳಾಕ ಬರೂದಿಲ್ರಿ. ಹುಟ್ಟುವಾಗ ತಾಯಿಯಿಂದ ಬಂದಿರಬಹುದು. ಸಣ್ಣವರಿದ್ದಾಗ ಸರಿಯಾಗಿ ಕುದಿಸದ ಸೂಜಿ ಚುಚ್ಚಿದ್ರು ಅಂದ್ರ ಹಂಗೂ ಬರತೈತಿ. ಕ್ಷೌರದ ಕತ್ತಿಯಿಂದನೂ ಬರತೈತಿ."

ಮೆಟ್ಟಿಲಿಳಿಯುವಾಗ ವೈನಿ ನಿಂತರು. "ಖರೇ ಹೇಳ್ಲೇನು? ತಾಯಿ ಅಂದ್ರು, ಸೂಜಿ ಅಂದ್ರು, ಕತ್ತಿ ಅಂದ್ರು. ನಾಲ್ಕನೇದು ನನ್ನ ಮುಖಾ ನೋಡಿ ನುಂಗಿದ್ರು."

ಅಣ್ಣ ಕಂಬ ನೋಡುತ್ತ ನಿಂತ. ನನ್ನ ಗಂಡ ಕೆಮ್ಮಿದರು.

"ನಿಮ್ಮಣ್ಣ ಲಗ್ನಾದಾಗಿಂದ ನನಗ ಏನೂ ಕೊಡಲಿಲ್ಲ ಅಂತಿದ್ದೆ" ಎಂದು ವೈನಿ ನನ್ನ ಕಡೆ ತಿರುಗಿದರು. "ಇದನ್ನರ ಕೊಟ್ಟಾರೇನು ನೋಡೂಣು. ನಂದೂ ರಕ್ತಾ ತಗೋರಿ ಅಂತ ಹೇಳು ಅವರಿಗೆ."

ವೈನಿಗೆ ವೈರಸ್ ಇರಲಿಲ್ಲ. ಅವರ ಇಬ್ಬರು ಹೆಣ್ಣುಮಕ್ಕಳಿಗೂ ಇರಲಿಲ್ಲ. ಆ ದಿನ ನಾನು ಹುಬ್ಬಳ್ಳಿಯ ಅಜ್ಜನ ಮಠಕ್ಕೆ ಹೋಗಿ ಕಾಯಿ ಒಡೆಸಿದೆ. ಹೆಣ್ಣಿನ ಸಂಗದಿಂದಲೂ ಬರುತ್ತದೆಂಬ ಆ ನಾಲ್ಕನೆಯ ಮಾತನ್ನು ವೈನಿ ಮತ್ತೆ ಎತ್ತಲಿಲ್ಲ. ಅಂಥ ಬಾಯಿಗೆ ಅದನ್ನು ಎತ್ತದೆ ಇರುವುದು ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು.

ಮನೆಯಲ್ಲಿ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರಿಂದ ನಾನೂ ವೈನಿಯೂ ಒಂದೇ ದಿನ ಒಂದೇ ಬೆಂಚಿನ ಮೇಲೆ ಕೂತೆವು. ಡಯಾಲಿಸಿಸ್ ರೋಗಿಗಳಿಗೆ ಅದರ ಪ್ರಮಾಣ ಎರಡು ಪಟ್ಟು. ನನಗೆ ಎರಡೂ ತೋಳಿಗೆ ಚುಚ್ಚಿದರು, ವೈನಿಗೆ ಒಂದೇ.

"ನೋಡ್ರಿ ಸಿಸ್ಟರ್, ತವರಮನಿಯಾಗ ಈಕಿಗೆ ಮೊದಲಿಂದ ಎಲ್ಲಾ ಡಬಲ್" ಎಂದರು ವೈನಿ. "ಹಿರೇ ಸೊಸಿ ನಾನು. ನನಗ ಒಂದ ಸೂಜಿ, ನಾದ್ನಿ ಬಾಯಾರಿಗೆ ಎರಡು."

ಸಿಸ್ಟರ್ ನಗುತ್ತ, "ಬೇಕಂದ್ರ ನಿಮಗೂ ಹಾಕತೇನ್ರಿ" ಎಂದಳು.

"ಬ್ಯಾಡವಾ. ಆಕಿ ಪಾಲು ಆಕಿಗೆ ಇರಲಿ."

ಲಸಿಕೆಯ ಸರದಿ ಮುಗಿದು, ಇಬ್ಬರ ರಕ್ತವನ್ನೂ ಅಳೆದರು. ವೈನಿಯ ರಕ್ತದಲ್ಲಿ ಶಕ್ತಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹುಟ್ಟಿತ್ತು. ನನ್ನದರಲ್ಲಿ ಇದ್ದೂ ಇಲ್ಲದಷ್ಟು.

"ಯಾಕಂತ ಹೇಳ್ಲೇನ್ರಿ ಡಾಕ್ಟರ್?" ಎಂದರು ವೈನಿ. "ನನ್ನ ರಕ್ತ ಜಗಳಗಂಟಿ. ಯಾರರ ಬಾಗಲಕ್ಕ ಬಂದ್ರು ಅಂದ್ರ ಮೊದಲ ಎದ್ದು ನಿಂದರತೈತಿ. ಇಕಿದು ಸಾಧು. ಕಳ್ಳ ಬಂದ್ರೂ ಚಾ ಕುಡಿತೀರೇನ್ರಿ ಅಂತ ಕೇಳತೈತಿ."

ಡಾಕ್ಟರು ಜೋರಾಗಿ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ, ಆರು ತಿಂಗಳು ಕಾದದ್ದು ನೀರಲ್ಲಿ ಹೋಮವಾಯಿತಲ್ಲ ಎಂದು ಕಿಟಕಿಯ ಸರಳಿಗೆ ತಲೆಯಿಟ್ಟು ಸುಮ್ಮನಾದೆ. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಎರಡು ದಿನ ಬಿಟ್ಟು ಬಂತು. ಅಣ್ಣನ ರಕ್ತವನ್ನೂ ಮತ್ತೆ ನೋಡಿದ್ದರು. ಇಷ್ಟು ದಿನ ಚೆನ್ನಾಗಿದ್ದ ಅವನ ಲಿವರ್ ಕೆಟ್ಟು ಕೂತಿತ್ತು. ವೈರಸ್ ಎದ್ದಿದೆಯೇ ಎಂದು ನೋಡಿದರೆ ಅದು ಎದ್ದಿರಲಿಲ್ಲ. ಡಾಕ್ಟರಿಗೇ ತಿಳಿಯಲಿಲ್ಲ. "ಏನರ ಬ್ಯಾರೆ ಔಷಧ ತಗೊಂಡೀರೇನು?" ಎಂದು ಕೇಳಿದರು. ಅಣ್ಣ ಹೆಂಡತಿಯ ಮುಖ ನೋಡಿದ.

"ನಾ ಕೊಟ್ಟೇನ್ರಿ" ಎಂದರು ವೈನಿ.

ಆದದ್ದು ಇಷ್ಟು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಅನ್ನುತ್ತಾರೆ. ಮೊದಲ ದಿನ ಡಾಕ್ಟರು ನಮಗೆ ತಿಳಿಯಲೆಂದು ಒಂದು ಸಲ "ಇದು ಕಾಮಣಿ ತರೋ ವೈರಸ್" ಅಂದಿದ್ದರು. ಉಳಿದ ಮಾತೆಲ್ಲ ವೈನಿಯ ಕಿವಿಯಿಂದ ಜಾರಿ ಆ ಒಂದು ಮಾತು ಉಳಿಯಿತು. ಕಾಮಣಿ ಅಂದರೆ ಅದಕ್ಕೆ ಗಿಡದ ಔಷಧ ಇದೆ, ಎಲ್ಲರಿಗೂ ಗೊತ್ತು. ಕಲಘಟಗಿ ರಸ್ತೆಯ ಒಂದು ಹಳ್ಳಿಯಲ್ಲಿ ಭಾನುವಾರ ಔಷಧ ಕೊಡುವವರಿದ್ದರು. ವೈನಿ ಪ್ರತಿ ಭಾನುವಾರ ಅಣ್ಣನನ್ನು ಕರೆದೊಯ್ದು, ಖಾಲಿ ಹೊಟ್ಟೆಯಲ್ಲಿ ಎಲೆಯ ರಸ ಕುಡಿಸಿಕೊಂಡು ಬರುತ್ತಿದ್ದರು. ಜತೆಗೆ ಪಥ್ಯ. ಎಣ್ಣೆ ಇಲ್ಲ, ಉಪ್ಪಿಲ್ಲ. ಹಳದಿ ರೋಗಕ್ಕೆ ಹಳದಿ ಕಂಡರಾಗದೆಂದು ಮನೆಯಲ್ಲಿ ತೊಗರಿಬೇಳೆ ಬಂದ್, ಅರಿಶಿನ ಬಂದ್. ಅಣ್ಣನ ಮೈ ಎಂದೂ ಹಳದಿಯಾಗಿರಲೇ ಇಲ್ಲ. ಓಣಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಾಗಲೂ ವೈನಿ ಕುಂಕುಮ ಹಚ್ಚಿಸಿಕೊಂಡು, ಅರಿಶಿನ ಬಂದಾಗ ಗಲ್ಲ ಹಿಂದೆ ತೆಗೆದುಕೊಂಡಿದ್ದರು. ಮುತ್ತೈದೆ ಅರಿಶಿನ ಬೇಡ ಅಂದದ್ದು ಬೆಂಗೇರಿಯಲ್ಲೆಲ್ಲ ಮಾತಾಗಿತ್ತು. ನನಗೆ ಅದರ ಗಂಧವೂ ಇರಲಿಲ್ಲ.

ಡಾಕ್ಟರು ಅಷ್ಟು ಸಿಟ್ಟಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ಆ ರಸದಾಗ ಏನೇನು ಇರತೈತಿ ಅಂತ ಕೊಡಾವರಿಗೂ ಗೊತ್ತಿಲ್ಲ. ಈ ಲಿವರ್ ಇಟಗೊಂಡು ಇವರನ್ನ ಆಪರೇಶನ್ ಟೇಬಲ್ ಮ್ಯಾಲ ಮಲಗಸಾಕ ಆಗೂದಿಲ್ಲ. ಲಿವರ್ ಬಾವು ತಾನ ಇಳೀತೈತೇನು ನೋಡೂಣು. ಇಳೀಲಿಲ್ಲಂದ್ರ ಈ ಕಿಡ್ನಿ ಮಾತು ಬಿಟ್ಟಬಿಡ್ರಿ."

ವೈನಿ ಬೈಸಿಕೊಂಡರು. ತಿರುಗಿ ಮಾತಾಡಲಿಲ್ಲ. ಅದು ಅವರ ಜನ್ಮದಲ್ಲಿ ಮೊದಲ ಸಲವಿರಬೇಕು.

ಮಾತು ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವೈನಿಗೆ ಗಂಡನ ಕಿಡ್ನಿ ಕೊಡಲು ಮನಸ್ಸಿಲ್ಲ, ಇಲ್ಲ ಅನ್ನಲು ಬಾಯಿಲ್ಲ, ಅದಕ್ಕೆ ಈ ದಾರಿ ಹಿಡಿದಳು ಎಂದು ಬಂಧುಗಳು ಆಡಿಕೊಂಡರು. ನಮ್ಮ ಮನೆಯವರೂ ಒಂದು ದಿನ ಊಟಕ್ಕೆ ಕೂತಾಗ, "ನಿಮ್ಮ ವೈನಿ ಬೇಕಂತಲೇ ಮಾಡ್ಯಾರ" ಎಂದರು. ನಾನು ನಂಬಲೂ ಇಲ್ಲ, ನಂಬದಿರಲೂ ಆಗಲಿಲ್ಲ. ಮುಂದಿನ ಡಯಾಲಿಸಿಸ್ ಮುಗಿಸಿ ಬೆಂಗೇರಿಗೆ ಹೋಗದೆ ನೇರ ಬಸ್‌ಸ್ಟ್ಯಾಂಡಿಗೆ ಹೋಗೋಣವೆಂದು ಹೊರಬಂದರೆ, ವೈನಿ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು.

"ಯಾಕ, ಧಾರವಾಡದ ದಾರಿ ಹಿಡದಿ?"

"ಲಗೂ ಮನಿ ಮುಟ್ಟಬೇಕ್ರಿ ವೈನಿ."

"ಮಂದಿ ಏನಂತಾರ ನನಗ ಕೇಳಿಸೇತಿ. ನಿನ್ನ ಗಂಡ ಅಂದದ್ದೂ ಕೇಳಿಸೇತಿ, ಹ್ಯಾಂಗ ಅಂತ ಕೇಳಬ್ಯಾಡ." ಅವರು ನನ್ನ ಕೈಚೀಲ ಕಸಿದುಕೊಂಡರು. "ಖರೇ ಹೇಳ್ಲೇನು? ಕೊಡಬಾರದಂತ ಇದ್ದಿದ್ರ ನಾ ಭಾನುವಾರ ಭಾನುವಾರ ಬಸ್ಸಿನ್ಯಾಗ ಯಾಕ ಸಾಯತಿದ್ದೆ? ಕೊಡೂದಿಲ್ಲ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತು. ಅನ್ನಾಕ ನನಗ ಯಾರ ಹೆದರಿಕಿ ಐತಿ?"

"ಹಂಗಾರ ಯಾಕ ಕುಡಿಸಿದ್ರಿ?"

"ತೊಳದು ಕೊಡೂಣಂತ." ಅವರ ದನಿ ಇಳಿಯಿತು. "ಹೊಲಸು ಭಾಂಡಿ ಮಂದಿಗೆ ಕೊಡತೇವೇನು? ತವರಮನಿಯಿಂದ ಹೋಗೂ ಸಾಮಾನು ಅದು."

ನಾನು ಅವರ ಹಿಂದೆ ನಡೆದೆ. ಆ ದಿನ ನಡುಮನೆಯಲ್ಲಿ ಬಹಳ ಹೊತ್ತು ಮಲಗಿದೆ.

ಎಲೆಯ ರಸ ನಿಂತಿತು. ಅಣ್ಣನ ಲಿವರ್ ಮೆಲ್ಲಗೆ ಸುಧಾರಿಸುತ್ತ ಬಂತು. ನನಗೆ ಮತ್ತೆ ಮೊದಲಿನಿಂದ ಲಸಿಕೆ ಹಾಕಿದರು. ಆ ತಿಂಗಳುಗಳನ್ನು ಹೇಗೆ ಕಳೆದೆನೋ ನನಗೇ ನೆನಪಿಲ್ಲ. ಬಸ್ಸು, ಯಂತ್ರ, ಚಾಪೆ, ಮತ್ತೆ ಬಸ್ಸು. ಡಯಾಲಿಸಿಸ್ ಕೋಣೆಯಲ್ಲಿ ನನ್ನ ಪಕ್ಕ ಮಲಗುತ್ತಿದ್ದ ಇಬ್ಬರು ಆ ನಡುವೆ ಬರುವುದು ನಿಲ್ಲಿಸಿದರು. ಯಾಕೆಂದು ಯಾರೂ ಕೇಳಲಿಲ್ಲ. ದೇವರ ಮುಂದೆ ಕೂತಾಗ ಏನು ಬೇಡುವುದೆಂದು ತಿಳಿಯುತ್ತಿರಲಿಲ್ಲ. ರಕ್ತಕ್ಕೆ ಸ್ವಲ್ಪ ಜಗಳ ಕಲಿಸಪ್ಪಾ ಎಂದು ಬೇಡಿಕೊಂಡೆ. ಬೇರೆ ಮಾತು ಬರಲಿಲ್ಲ.

ಕಲಿಸಿದ. ಮತ್ತೆ ಅಳೆದಾಗ ಬೇಕಾದಷ್ಟು ಶಕ್ತಿ ಹುಟ್ಟಿತ್ತು. ಅಣ್ಣನ ಲಿವರ್ ಕೂಡ ಮೊದಲಿನಂತಾಗಿತ್ತು. ಇನ್ನು ತಡ ಮಾಡುವುದು ಬೇಡವೆಂದು ಡಾಕ್ಟರು ಬೆಂಗಳೂರಿಗೆ ಫೋನ್ ಮಾಡಿದರು.

ಕಳಿಸುವ ಮೊದಲು, ಕೊಡುವವನ ಹೆಂಡತಿಯ ಒಪ್ಪಿಗೆಯನ್ನು ಕೇಳಬೇಕು, ವೈನಿಯೊಬ್ಬರೇ ಒಳಗೆ ಬರಲಿ ಎಂದರು. "ಒಬ್ಬಾಕಿನ ಯಾಕ್ರಿ? ಇವರ ಮುಂದ ಕೇಳ್ರಿ" ಎಂದು ವೈನಿ ನಮ್ಮನ್ನೂ ಕೂರಿಸಿಕೊಂಡರು.

"ನಿಮ್ಮ ಒಪ್ಪಿಗಿ ಐತೇನ್ರಿ?"

"ಇಲ್ರಿ."

ಅಣ್ಣ ತಲೆ ಎತ್ತಿದ.

"ಒಪ್ಪಿಗಿ ಇಲ್ಲ. ಆದ್ರ ಮಾಡ್ರಿ" ಎಂದರು ವೈನಿ.

"ಹಂಗ ಬರೂದಿಲ್ರಿ ಬಾಯಾರ. ಒಪ್ಪಿಗಿ ಇಲ್ಲಂದ್ರ ನಾ ಮುಂದ ಹೋಗೂದಿಲ್ಲ. ಯಾರರ ಒತ್ತಾಯ ಮಾಡ್ಯಾರೇನು?"

"ನನಗ ಒತ್ತಾಯ ಮಾಡಾವ್ರು ಇನ್ನೂ ಹುಟ್ಟಿಲ್ರಿ." ಅವರು ಸೆರಗನ್ನು ಸೊಂಟದಿಂದ ಬಿಚ್ಚಿ ಮತ್ತೆ ಸಿಕ್ಕಿಸಿಕೊಂಡರು. "ನೋಡ್ರಿ. ನನಗ ಎರಡು ಹೆಣ್ಣು ಅದಾವು, ಇನ್ನೂ ಲಗ್ನಾಗಿಲ್ಲ. ಇವರ ಲಿವರ್‌ನ್ಯಾಗ ಅದೊಂದು ಮಲಗೇತಿ, ಎಂದು ಏಳತೈತಿ ಅಂತ ನಿಮಗೂ ಗೊತ್ತಿಲ್ಲ. ಇದ್ದ ಎರಡು ಕಿಡ್ನಿಯಾಗ ಒಂದು ತಗೀತೀರಿ. ನನಗ ಹೆದರಿಕಿ ಆಗತೈತಿ. ಆಗೂದಿಲ್ಲ ಅಂತ ಹ್ಯಾಂಗ ಹೇಳಲಿ? ಇನ್ನ ಕೊಡೂದಿಲ್ಲ ಅಂತೇನಿ ಅಂತ ತಿಳೀರಿ. ಈಕಿ ಹೋಗತಾಳ. ಈಕಿ ಹೋದಮ್ಯಾಲ ಇವರು ನನ್ನ ಮನಿಯಾಗ ಉಣ್ಣತಾರ, ಮಲಗತಾರ, ಆದ್ರ ಇರೂದಿಲ್ಲ. ಹ್ಯಾಂಗ ನೋಡಿದ್ರೂ ಪೆಟ್ಟು ನನ್ನ ಮನಿಗೇ. ಇದರಾಗ ಸಣ್ಣ ಪೆಟ್ಟು ಯಾವುದು ಅಂತ ನೋಡೇನಿ."

ಹೊರಗೆ ಸ್ಟ್ರೆಚರಿನ ಗಾಲಿ ಕಿರುಗುಟ್ಟುವುದು ಕೇಳಿಸಿತು.

"ಒಪ್ಪಿಗಿ ಐತಿ ಅಂತನ ಬರಕೋರಿ" ಎಂದರು ವೈನಿ. "ಖುಷಿಯಿಂದ ಅಂತ ಮಾತ್ರ ಬರಕೋಬ್ಯಾಡ್ರಿ."

"ಖುಷಿಯಿಂದೇನು ಅಂತ ನಾವು ಕೇಳೂದಿಲ್ರಿ" ಎಂದರು ಡಾಕ್ಟರು ಮೆಲ್ಲಗೆ.

"ಹಂಗಾರ ಛಲೋ ಆತು. ಎಲ್ಲಿ ಸಹಿ ಮಾಡಲಿ?"

ಶಾಮಿಯಾನದಲ್ಲಿ ಮಾತಾಡಿದ ಹಿರಿಯರಿಗೆ ಇದು ಗೊತ್ತಿಲ್ಲ. ಅವರ ತಪ್ಪಲ್ಲ. ನಗುತ್ತ ಕೊಟ್ಟವರಿಗೆ ಹೆದರಿಕೆ ಇರಲಿಲ್ಲ ಅನ್ನಬಹುದು. ವೈನಿಯ ಹೆದರಿಕೆಯನ್ನು ನಾನು ಎದುರಿಗೆ ಕೂತು ಕೇಳಿದ್ದೇನೆ. ಅಷ್ಟು ಹೆದರಿಕೆ ಇಟ್ಟುಕೊಂಡೂ ಅವರು ಕೊಟ್ಟರು. ನನ್ನ ಮಟ್ಟಿಗೆ ಅದೇ ದೊಡ್ಡದು.

ಬೆಂಗಳೂರಿನಲ್ಲಿ ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದ ಮೇಲೆ ನಡೆದದ್ದನ್ನು ನಮ್ಮ ಮನೆಯವರು ಹೇಳಿದ್ದಾರೆ. ಅವರು ಉಪವಾಸವಿದ್ದು ಜಪ ಮಾಡುತ್ತಿದ್ದರಂತೆ. ವೈನಿ ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬ ಇಡ್ಲಿ ತಿಂದು ಬಂದರಂತೆ. "ನಾನೂ ಉಪಾಸ ಕುಂತ್ರ ನಾಳೆ ಇವರನ್ನ ಎತ್ತಿ ಕುಂದರಸಾವ್ರು ಯಾರು?" ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯವರಿಗೆ ತಲೆ ಸುತ್ತಿ ಬಂತು. ಅವರನ್ನು ಎತ್ತಿ ಕೂರಿಸಿದವರು ವೈನಿಯೇ. ಬೇಕಂತಲೇ ಮಾಡಿದ್ದಾರೆ ಎಂಬ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ.

ನನಗೆ ಎಚ್ಚರವಾದಾಗ ಮೂತ್ರದ ಚೀಲ ತುಂಬುತ್ತಿತ್ತು. ಎರಡು ವರ್ಷದಿಂದ ಹನಿ ಹನಿಗೆ ಕಾದವಳು ನಾನು. ಅಂದು ಅತ್ತದ್ದು ಅದನ್ನು ನೋಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ವೈನಿ ಬಾಗಿಲಲ್ಲಿ ಬಂದು ನಿಂತರು. "ನಿಮ್ಮಣ್ಣ ಅರಾಮ ಅದಾರ" ಎಂದು ಮೊದಲು ಹೇಳಿದರು. ಆಮೇಲೆ, "ಮಂದಿ ಕೂಸು ಹುಟ್ಟಿದ್ರ ಪೇಢೆ ಹಂಚತಾರ. ನಾವು ಉಚ್ಚಿ ಬಂದದ್ದಕ್ಕ ಹಂಚಬೇಕು. ಯಾರಿಗೆ ಏನಂತ ಹೇಳಿ ಕೊಡ್ಲಿ?" ಎಂದರು. ನಗಬೇಡಿ, ಹೊಲಿಗೆ ಇದೆ ಎಂದು ಸಿಸ್ಟರ್ ಗದರಿದಳು.

ವೈರಸ್ ನನಗೆ ಬಂತೋ ಇಲ್ಲವೋ ಎಂದು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕಿತ್ತು. ಫಲಿತಾಂಶದ ದಿನ ಬೆಂಗೇರಿಗೆ ಫೋನ್ ಮಾಡುತ್ತಿದ್ದೆ. "ನೆಗೆಟಿವ್ ರಿ ವೈನಿ" ಅಂದರೆ, "ಮುಂದಿನ ಸಲಾ?" ಅನ್ನುತ್ತಿದ್ದರು. ಸಂತೋಷ ಅನ್ನುವುದನ್ನು ಅವರು ಫೋನಿನಲ್ಲಿ ತೋರಿಸಿದವರಲ್ಲ. ಹೀಗೆ ಮುಂದಿನ ಸಲ, ಮುಂದಿನ ಸಲ ಎನ್ನುತ್ತ ವರ್ಷಗಳು ಹೋದವು. ನನಗೆ ಅದು ಬರಲಿಲ್ಲ. ಅಣ್ಣನಲ್ಲಿ ಅದು ಏಳಲಿಲ್ಲ.

ಒಂದು ಮಳೆಗಾಲ ಹುಬ್ಬಳ್ಳಿಯ ತುಂಬ ಕೀಲು ಹಿಡಿಯುವ ಜ್ವರ ಹಬ್ಬಿತ್ತು. ಮನೆಗಿಬ್ಬರು ಮಲಗಿದ್ದರು. ಅಣ್ಣನೂ ಮಲಗಿದ್ದಾನೆಂದು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದೇ ಕಿಡ್ನಿಯ ಮನುಷ್ಯ, ನನ್ನಿಂದ ಹಾಗಾದವನು. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಬೆಂಗೇರಿಯ ಮನೆಯ ಗ್ರಿಲ್ ಬಾಗಿಲು ಹಾಕಿತ್ತು. ಬಡಿದೆ. ವೈನಿ ಬಂದರು, ಚಿಲಕಕ್ಕೆ ಕೈ ಹಾಕಲಿಲ್ಲ.

"ಯಾಕ ಬಂದಿ?"

"ಅಣ್ಣನ್ನ ನೋಡಾಕ್ರಿ. ಬಾಗಲಾ ತಗೀರಿ."

"ತಗ್ಯೂದಿಲ್ಲ."

ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಒಳಗಿಂದ ಅಣ್ಣ ನರಳುವುದು ಕೇಳಿಸಿತು. ಇಷ್ಟು ವರ್ಷ ಮನಸ್ಸಿನಲ್ಲಿ ಇದ್ದದ್ದು ಇವತ್ತು ಹೊರಗೆ ಬರುತ್ತದೆ, ಬರಲಿ, ಅವರಿಗೆ ಅನ್ನುವ ಹಕ್ಕಿದೆ ಎಂದುಕೊಂಡು ನಿಂತೆ.

"ವೈನಿ, ಅದು ಸೊಳ್ಳಿಯಿಂದ ಬರೂ ಜ್ವರಾರಿ. ಮುಟ್ಟಿದ್ರ ಬರೂದಿಲ್ಲ."

"ನಮ್ಮ ಮನಿ ಸೊಳ್ಳಿ ಏನು ಏಕಾದಶಿ ಮಾಡತಾವೇನು?" ಅವರು ಗ್ರಿಲ್ಲಿನ ಸರಳು ಎರಡೂ ಕೈಯಲ್ಲಿ ಹಿಡಿದರು. "ಇವರದು ಒಂದು ಒಳಗ ಮಲಗೇತಿ. ಇನ್ನೊಂದು ನಿನ್ನ ಹೊಟ್ಟಿಯಾಗ ಇಟಗೊಂಡು ಬೀದಿ ಬೀದಿ ತಿರಗಾಕತ್ತಿ. ಎರಡಕ್ಕೂ ಒಮ್ಮೆ ಜ್ವರ ಬಂದು ಕುಂತ್ರ ನಾ ಯಾವುದರ ಹಿಂದ ಅಂತ ಓಡಲಿ? ಡಾಕ್ಟರ್ ಬಂದು ಹೋಗ್ಯಾರ, ಇವರು ಉಳೀತಾರ. ನಡಿ, ಮನಿಗೆ ನಡಿ."

ನಾನು ನಡೆದೆ. ಓಣಿಯ ತಿರುವಿನವರೆಗೂ ಅವರು ಗ್ರಿಲ್ ಹಿಡಿದು ನಿಂತದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ತಿರುವು ಮುಟ್ಟುವಷ್ಟರಲ್ಲಿ ಓಣಿಗೆಲ್ಲ ಕೇಳುವಂತೆ ಕೂಗಿದರು:

"ಏ, ಮಧ್ಯಾನದ್ದು ಗುಳಿಗಿ ತಗೊಂಡೀ?"

ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು.

"ತಗೊಂಡೇನ್ರೀ" ಎಂದು ನಾನೂ ಕೂಗಿದೆ.